ಬಾಣದ ಹಲಗೆ

ಹೊಳೆ ಕಡಲು ಸೇರುವಲ್ಲಿ ರಜೆಗೆ ಬಂದವರು ಸೈಕಲ್ ಹೊಡೆಯುವ ದಾರಿಯೊಂದಿತ್ತು. ಎಳನೀರು ಕುಡಿದು ಬರುತ್ತೇವೆಂದು ಗಂಡ, ಮಗಳು ಅಂಗಡಿಯಲ್ಲೇ ಕುಳಿತರು. ವಿಭಾ ಒಬ್ಬಳೇ ಮುಂದೆ ಹೊರಟಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸೈಕಲ್ಲೊಂದು ಅವಳ ಬೆನ್ನು ಹತ್ತಿತು.

"ನಿಲ್ಲಿ! ಓ, ನಿಲ್ಲಿ ಮಾರಾಯ್ರೆ!"

ಗಂಡಸಿನ ದನಿ. ಸುತ್ತ ನರಪಿಳ್ಳೆಯಿಲ್ಲ. ಅವಳು ಜೀವ ಕೈಯಲ್ಲಿ ಹಿಡಿದು ಪೆಡಲ್ ತುಳಿದಳು. ತಿರುವಿನಾಚೆ ದಾರಿ ಕವಲೊಡೆಯಿತು. ಅಲ್ಲಿನ ಕಂಬಕ್ಕೆ ಹೊಡೆದ ಹಲಗೆಯ ಬಾಣ ಬಲಕ್ಕೆ, ಕಟ್ಟೆಯ ಮೇಲಿನ ದಾರಿ ತೋರಿಸುತ್ತಿತ್ತು. ಮುಟ್ಟಿದರೆ ಸಲೀಸಾಗಿ ತಿರುಗಿತು. ಅವನು ಅತ್ತ ಹೋಗಲಿ ಎಂದು ಬಾಣವನ್ನು ಎಡಕ್ಕೆ, ಮರಳಿನ ದಾರಿಯ ಕಡೆ ತಿರುಗಿಸಿಟ್ಟು, ತಾನು ಬಲಕ್ಕೆ ಹೋದಳು.

ಕಟ್ಟೆ ಮುಗಿಯುವಲ್ಲಿ ತೆಂಗಿನ ತೋಟದಿಂದ ಹೊರಬಂದು ಅವನು ಅಡ್ಡ ನಿಂತಿದ್ದ.

"ಹತ್ತಿರ ಬಂದ್ರೆ ಕೂಗ್ತೀನಿ!"

"ಇಷ್ಟು ಹೊತ್ತು ಕೂಗಿದ್ದು ನಾನಲ್ವಾ! ನಿಮ್ಮ ವೇಲು ಚಕ್ರಕ್ಕೆ ಸಿಕ್ತದೆ ಅಂತ ಹೇಳ್ಲಿಕ್ಕೆ ಬಂದ್ರೆ, ಹುಲಿ ಕಂಡ ಹಾಗೆ ಓಡುದಾ? ಕವಲಿಗೆ ಹೋಗದೆ ತೋಟದೊಳಗಿಂದಲೇ ಅಡ್ಡ ಹಾಯ್ದು ಬಂದೆ."

ವೇಲಿನ ತುದಿ ನಿಜವಾಗಿಯೂ ಚೈನಿನ ಗ್ರೀಸಿನಲ್ಲಿ ಕಪ್ಪಾಗಿತ್ತು. ಅವಳಿಗೆ ಉಸಿರು ಬಂತು, ಜೊತೆಗೆ ನಾಚಿಕೆಯೂ.

"ನೀವು ಯಾರು?"

"ಈ ದಾರಿ ನೋಡಿಕೊಳ್ಳುವವ. ಇಳಿತ ಇದ್ರೆ ಬಾಣ ಮರಳಿನ ಕಡೆ, ಉಬ್ಬರ ಬಂದ್ರೆ ಕಟ್ಟೆಯ ಕಡೆ. ತಿರುಗಿಸುದು ನಾನೇ. ಈಗ ಮರಳಿನ ದಾರಿಗೆ ಆಳೆತ್ತರ ನೀರು ನುಗ್ಗುವ ಹೊತ್ತು."

ವಿಭಾಳ ಸೈಕಲ್ ಕೈಜಾರಿ ಬಿತ್ತು.

"ಎಂಥಕ್ಕೆ ಹೆದರುದು?" ಅವನು ನಕ್ಕ. "ನಿಮ್ಮ ಯಜಮಾನ್ರು, ಮಗು ನಮ್ಮ ಹಿಂದೆಯೇ ಹೊರಟಿದ್ದಾರೆ. ಬಾಣ ತೋರಿಸಿದ ಕಡೆ ಬಿಟ್ಟು ಬೇರೆ ಕಡೆ ಹೋಗ್ಬೇಡಿ ಅಂತ ಅಂಗಡಿಯ ಹತ್ತಿರವೇ ಎರಡೆರಡು ಸಲ ಹೇಳಿ ಬಂದಿದ್ದೇನೆ."