ಗೊರಕೆಗೆ ಮದ್ದು

“ಗೊರಕೆ ನಿಲ್ಲಿಸೋದು ಹೇಗೆ?” ಎಂದು ಲಿಡಿಯಾ ಕೇಳಿದ್ದೇ ತಡ, ಕೋಣೆಯಲ್ಲಿದ್ದ ಹೆಣಿಗೆ ಕಡ್ಡಿಗಳೆಲ್ಲ ಒಟ್ಟಿಗೆ ನಿಂತವು.

ಊರ ಹೆಂಗಸರ ಪರಸ್ಪರ ಸುಧಾರಣಾ ಸಂಘದಲ್ಲಿ ಯಾರು ಏನು ಬೇಕಾದರೂ ಕೇಳಬಹುದು, ಉಳಿದವರು ತಿಳಿದದ್ದು ಹೇಳಬೇಕು. ಉಣ್ಣೆಗೆ ನುಸಿ ಹಿಡಿದರೆ ಏನು ಮಾಡಬೇಕು, ಬೆಣ್ಣೆ ಕಮಟಿದರೆ ಏನು ಮಾಡಬೇಕು, ಹೀಗೆ. ಗೊರಕೆಯೂ ತಪ್ಪಲ್ಲ. ಆದರೆ ಲಿಡಿಯಾಳ ಗಂಡ ಮಣ್ಣಾಗಿ ಮೂರು ವರ್ಷವಾಗಿತ್ತು. ಮನೆಯಲ್ಲಿ ಅವಳೊಬ್ಬಳೇ.

“ನಿನ್ನ ಗೊರಕೇನಾ?” ಫೀಬಿ ಮೆಲ್ಲಗೆ ಕೇಳಿದಳು.

“ಅಲ್ಲ.”

“ಬೆಕ್ಕಿಂದಾ?”

“ಅಲ್ಲ.”

ಅಲ್ಲಿಗೆ ಮುಗಿಯಿತು. ಇವರೆಲ್ಲ ಕ್ವೇಕರ್ ಪಂಥದ ಕ್ರೈಸ್ತ ಹೆಂಗಸರು, ಸುಳ್ಳು ಹೇಳುವುದಿಲ್ಲ. ಹೇಳಲಾಗದಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಾರೆ. ಲಿಡಿಯಾ ಮುಚ್ಚಿಕೊಂಡಳು.

ಅವಳು ಎದ್ದು ಹೋದಮೇಲೆ ಉಳಿದವರ ಬಾಯಿ ತೆರೆಯಿತು. ಸಂತೆಯಲ್ಲಿ ಎರಡು ಪಾಲು ಹಂದಿಮಾಂಸ ಕೊಂಡಳಂತೆ. ಗಂಡಸರ ಅಂಗಿ ಒಗೆದು ಅಡುಗೆಮನೆಯೊಳಗೇ ಒಣಹಾಕಿದ್ದಳಂತೆ. ಅದೂ ಎಂಥ ಹೊತ್ತಿನಲ್ಲಿ! ಅವಳ ಮನೆ ಇರುವುದು ಗಿರಣಿ ರಸ್ತೆಗೆ ಅಂಟಿಕೊಂಡು. ವಾರದಿಂದ ಯಾರೋ ಪರಸ್ಥಳದವರು ದೊಡ್ಡ ನಾಯಿಗಳನ್ನು ಹಿಡಿದು ಅಲ್ಲೇ ಅಡ್ಡಾಡುತ್ತಿದ್ದಾರೆ. ಊರ ಮಾನ ಹೋದ ಸುದ್ದಿ ಅವರ ಕಿವಿಗೂ ಬೀಳಬೇಕೇ?

“ಇಂಥವಳು ಸಂಘದಲ್ಲಿರೋದು ಬೇಡ,” ಎಂದರು ಒಬ್ಬಿಬ್ಬರು. ಫೀಬಿಗೆ ಸಂಕಟವಾಯಿತು. ಗಂಡ ಹೋದಮೇಲೆ ಲಿಡಿಯಾ ನಕ್ಕಿದ್ದರೆ ಈ ಸಂಘದಲ್ಲೇ ನಕ್ಕಿದ್ದಳು. ಇದೂ ತಪ್ಪಿದರೆ ಅವಳಿಗೆ ಇನ್ನೇನಿದೆ?

“ನಾನು ಹೋಗಿ ನೋಡಿ ಬರ್ತೀನಿ,” ಎಂದಳು ಅಧ್ಯಕ್ಷೆ ಹಲ್ಡಾ. ಮಕ್ಕಳೆಲ್ಲ ಬೆಳೆದು ಬೇರೆ ಹೋದಮೇಲೆ ಆರಾಮಾಗಿದ್ದ ಹೆಂಗಸು. ಈಚೆಗೆ ಮಾತ್ರ ಕಣ್ಣು ಕೆಂಪು, ಕೋಪ ಮೂಗಿನ ತುದಿಯಲ್ಲಿ. ವಯಸ್ಸಾಯಿತಲ್ಲ ಎಂದುಕೊಂಡರು ಎಲ್ಲರೂ.

ಮರುದಿನ ಬೆಳಿಗ್ಗೆ ಲಿಡಿಯಾ ಬಾಗಿಲು ತೆರೆಯುವಷ್ಟರಲ್ಲೇ ಅಟ್ಟದಿಂದ ಗೊರಕೆ ಕೇಳಿಸಿತು. ಗರಗಸವೇ ಸರಿ.

“ಗಂಡಸಾ?” ಹಲ್ಡಾ ಕೇಳಿದಳು.

“ಹೂಂ.”

“ನಾಚಿಕೆ ಆಗಲ್ವೇನೇ?”

“ಇಲ್ಲ.” ಲಿಡಿಯಾ ಏಣಿಗೆ ಅಡ್ಡ ನಿಂತಳು. “ನೋಡ್ಬೇಡ ಹಲ್ಡಾ. ನೋಡಿದ್ರೆ, ಕೇಳಿದೋರಿಗೆ ನೀನೂ ನಿಜ ಹೇಳ್ಬೇಕಾಗುತ್ತೆ.”

“ನಂಗೆ ಬುದ್ಧಿ ಹೇಳೋಕೆ ಬರ್ಬೇಡ. ಸರಿ ಆಚೆ.”

ಹಲ್ಡಾ ಹತ್ತಿದಳು. ಅಟ್ಟದ ಬಾಗಿಲು ಕಿರುಗುಟ್ಟಿತು. ಲಿಡಿಯಾ ಕೆಳಗೆ ಏಣಿ ಹಿಡಿದು ನಿಂತಳು. ಸಂಘ ಹೋಯಿತು ಎಂದು ಅವಳಿಗೆ ಆಗಲೇ ಅಳು ಬಂದಿತ್ತು.

ಹಲ್ಡಾ ಇಳಿದು ಬಂದಳು. ಸದ್ದಾಗದಂತೆ ಬಾಗಿಲು ಹಾಕಿ ಬಂದಿದ್ದಳು. ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು ಬೆರಳಗಲದಷ್ಟು ಕಿಟಕಿ ಪರದೆ ಸರಿಸಿ ರಸ್ತೆ ನೋಡಿದಳು.

“ಸಂಘಕ್ಕೆ ಏನ್ ಹೇಳ್ತೀಯಾ?” ಲಿಡಿಯಾ ಕೇಳಿದಳು.

“ಲಿಡಿಯಾ ನಮ್ಮೋಳು, ಸಂಘದಲ್ಲೇ ಇರ್ತಾಳೆ ಅಂತೀನಿ. ಅದು ನಿಜ ತಾನೇ? ಮಿಕ್ಕಿದ್ದಕ್ಕೆ ಬಾಯಿ ಬಿಡಲ್ಲ.” ಹಲ್ಡಾ ದನಿ ತಗ್ಗಿಸಿದಳು. “ಪಾಪ, ಕಾಲಲ್ಲಿ ಬೇಡಿ ಗಾಯ ಇನ್ನೂ ಹಸಿ ಇದೆ. ದಕ್ಷಿಣದ ಹತ್ತಿ ಹೊಲದ ಗುಲಾಮಗಿರಿ ತಪ್ಪಿಸ್ಕೊಂಡು ಇಲ್ಲೀತನಕ ಓಡಿ ಬಂದೋನು ಅಂಗಾತ ಬಿದ್ರೆ ಗೊರಕೆ ಹೊಡೀದೆ ಇರ್ತಾನಾ? ಮಗ್ಗುಲಾಗಿ ಮಲಗ್ಸು, ಬೆನ್ನಿಗೊಂದು ದಿಂಬು ಕೊಡು. ನಾಯಿ ಹಿಡ್ಕೊಂಡು ಅವನನ್ನ ಹುಡುಕ್ತಿರೋ ಆ ಪಾಪಿಗಳಿಗೆ ಕೇಳಿಸ್ಬಾರ್ದು.”

ನಂತರ ಕೆಂಪು ಕಣ್ಣುಜ್ಜಿಕೊಂಡು ಕೇಳಿದಳು: “ಈಗ ನೀನು ಹೇಳು. ನನ್ನ ಅಟ್ಟದಲ್ಲಿ ತಾಯಿ ಜೊತೆ ಬಂದಿರೋ ಕೂಸು ರಾತ್ರಿಯೆಲ್ಲ ಅಳುತ್ತಲ್ಲ, ಅದಕ್ಕೇನು ಮದ್ದು?”