ವರನ ಮನೆಯ ರೆಕಾರ್ಡುಗಳು

ರೆಕಾರ್ಡು ಹಾಡುವಾಗ ಪಕ್ಕದಲ್ಲಿ ಆಡಿದ ಮಾತೂ ಅದರಲ್ಲೇ ಅಚ್ಚಾಗಿ ಉಳಿಯುವುದರಿಂದ, ಹೆಣ್ಣು ಕೊಡುವ ಮೊದಲು ನಾವು ವರನ ಮನೆಯ ರೆಕಾರ್ಡು ಕೇಳುತ್ತೇವೆ. ಅಕ್ಕನ ಮಗಳು ನಳಿನಿಗಾಗಿ ದಾವಣಗೆರೆಗೆ ನಾನೇ ಹೋದೆ, ಅವಳನ್ನೂ ಕರೆದುಕೊಂಡು.

ವರನ ತಾಯಿ ತುಂಗಮ್ಮ ದೇವರನಾಮ ಹಾಕಿದರು. ಹಾಡು ಬಿಟ್ಟರೆ ಒಂದು ಕೆಮ್ಮೂ ಇಲ್ಲ. ಗಜಲು, ಗಿಟಾರು, ಶಹನಾಯಿ, ಅವೂ ಹಾಗೇ.

"ಎಲ್ಲಾ ಮೊನ್ನೆ ಅಂಗಡಿಯಿಂದ ತಂದಿದ್ದಲ್ವೇನ್ರೀ?" ಎಂದೆ.

ತುಂಗಮ್ಮ ಸೆರಗು ಸರಿಮಾಡಿಕೊಂಡರು. ಮಂಚದ ಕೆಳಗಿಂದ ಒಂದು ಗೋಣಿಚೀಲ ಇಣುಕುತ್ತಿತ್ತು. ಬಗ್ಗಿ ಎಳೆದೆ; ಒಳಗೆ ಒಂದು ಹಳೆಯ ರೆಕಾರ್ಡು.

"ಅದು ನಾಟಕದ್ದು, ಪೂರಾ ಗೀಚಿಹೋಗಿದೆ," ಎಂದ ವರ ವಾಮನ.

"ಗೀಚಿದ್ದೇ ಬೇಕಪ್ಪ."

ಹಾಕಿಸಿದೆ. ನಾಟಕದ ರಾಜನ ಹಾಡಿನ ನಡುವೆ ತುಂಗಮ್ಮನ ದನಿ ಕೇಳಿತು: "ಸೊಸೆ ಬರ್ಲಿ, ಆಮೇಲೆ ಒಂದು ಲೋಟಾನೂ ಮುಟ್ಟಲ್ಲ ನಾನು."

ನಳಿನಿಯ ಮುಖ ಬಿಗಿಯಿತು. ಅಷ್ಟರಲ್ಲಿ ರೆಕಾರ್ಡಿನಲ್ಲೇ ವಾಮನನ ದನಿ: "ಅವಳ್ಯಾಕಮ್ಮ? ಸರಿ, ನಾನೇ ತೊಳೀತೀನಿ."

"ತೊಳೆದ್ರಾ? ಇನ್ನೊಂದು ಮಗ್ಗುಲು ಹಾಕಿ," ಎಂದಳು ನಳಿನಿ.

ಹಾಕಿದರು. ರಾಣಿಯ ಅಳುವಿನ ಹಿಂದೆ ಪಾತ್ರೆಗಳ ಸದ್ದು. ತುಂಗಮ್ಮ ಗದರುತ್ತಿದ್ದರು: "ತಳ ಉಜ್ಜೋ, ಜಿಡ್ಡು ಹಾಗೇ ಇದೆ."

ನಳಿನಿ ನನ್ನ ಕಿವಿಯ ಹತ್ತಿರ ಬಾಗಿದಳು. "ಚಿಕ್ಕಮ್ಮ, ಇವರು ನಮ್ಮನೆಗೆ ಬರೋದ್ರೊಳಗೆ ಅಮ್ಮನ ರೆಕಾರ್ಡೆಲ್ಲ ಎಲ್ಲಾದ್ರೂ ಬಚ್ಚಿಡ್ಬೇಕು."