ಅಸಲಿ ಮಾತ್ರೆ

ಕ್ಯಾನ್ಸರಿನ ಹೊಸ ಮಾತ್ರೆಯ ಪ್ರಯೋಗಕ್ಕೆ ವರ್ಷ ತುಂಬಿತ್ತು. ರೋಗಿಗಳಲ್ಲಿ ಅರ್ಧ ಜನಕ್ಕೆ ಅಸಲಿ ಮಾತ್ರೆ, ಉಳಿದವರಿಗೆ ಅದೇ ಬಣ್ಣದ ಸಕ್ಕರೆ ಗುಳಿಗೆ. ಇಷ್ಟು ಎಲ್ಲರಿಗೂ ತಿಳಿಸಿದ್ದರು. ಯಾರಿಗೆ ಯಾವುದೆಂಬುದು ಮಾತ್ರ ಗುಟ್ಟು.

ವರ್ಷವಿಡೀ ಆ ಮಾತ್ರೆಯನ್ನೇ ನೆಚ್ಚಿಕೊಂಡಿದ್ದ ಡಾಕ್ಟರ್ ಮಂದಾಕಿನಿ ಫಲಿತಾಂಶವನ್ನು ಎರಡೆರಡು ಸಲ ಓದಿದಳು. ಹೊರಗೆ ಕಾಯುತ್ತಿದ್ದ ರೋಗಿಗಳಿಗೆ ತಾನೇ ಹೋಗಿ ಹೇಳಿದಳು.

“ಪ್ರಯೋಗ ನಿಲ್ಲಿಸ್ತಿದ್ದೀವಿ. ಸಕ್ಕರೆ ನುಂಗಿದೋರೂ ಅಸಲಿ ನುಂಗಿದೋರಷ್ಟೇ ಚೇತರಿಸಿಕೊಂಡಿದ್ದಾರೆ. ಅಂದ್ಮೇಲೆ ಈ ಮಾತ್ರೆಯಿಂದ ಏನೂ ಪ್ರಯೋಜನ ಇಲ್ಲ.”

“ಹಂಗನ್ಬೇಡಿ ಡಾಕ್ಟ್ರಮ್ಮ,” ಎನ್ನುತ್ತ ಮುಂದಿನ ಬೆಂಚಿನಿಂದ ಚೆನ್ನಾಜಮ್ಮ ಎದ್ದರು. “ಒಬ್ರಿಗೆ ಸಿಕ್ಕಿ ಇನ್ನೊಬ್ರಿಗೆ ಸಿಗ್ದಿದ್ರೆ ಅನ್ಯಾಯ ಅಂತ, ಪ್ರತಿ ಸಲ ಎಲ್ರ ಮಾತ್ರೇನೂ ನನ್ನ ಸೆರಗಿಗೆ ಸುರಿದು, ಬೆರೆಸಿ, ಸಮವಾಗಿ ಹಂಚ್ಕೊಂಡೇ ಮನೆಗೆ ಹೋಗ್ತಿದ್ವಲ್ಲ!”